ಎತ್ತಿ ಇಡಿ ಸಾರ್

ಕಂಪ್ಯೂಟರ್ ಬಂದು ಮನುಷ್ಯ ಒಂಟಿಯಾದ ಎಂದು ಯಾರಾದರೂ ಭಾಷಣ ಶುರುಮಾಡಿದರೆ ನನ್ನ ಮನಸ್ಸು ಮೆಲ್ಲಗೆ ಎದ್ದು ಶಿವಮೊಗ್ಗದ ದುರ್ಗಿಗುಡಿಗೆ ಹೋಗಿಬಿಡುತ್ತದೆ. 2001ನೇ ಇಸವಿ. ಎಸ್‌ಟಿಡಿ ಬೂತಿನ ಹಿಂದಿನ ಕೋಣೆಗೆ ಪ್ಲೈವುಡ್ ಹೊಡೆಸಿ ಮಾಡಿದ ನಾಲ್ಕು ಗೂಡು. ಅದೇ ಸೈಬರ್ ಕೆಫೆ. ಗಂಟೆಗೆ 30 ರೂಪಾಯಿ. ಚಪ್ಪಲಿ ಹೊರಗೇ ಬಿಡಬೇಕು, ಕಂಪ್ಯೂಟರಿಗೆ ಅಷ್ಟು ಮಡಿ!

ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ನನ್ನ ಪಾಲಿನ ಸ್ವಾತಂತ್ರ್ಯ ಆರು ವರ್ಷ ತಡ. ಅಮೆರಿಕದಲ್ಲಿದ್ದ ಷಡ್ಡಕ "ಈಮೇಲ್ ಐಡಿ ಇಲ್ವೇ?" ಅಂತ ಕೇಳಿದ್ದ, ಕೇಳಿದ ಧಾಟಿ, ಮೈಮೇಲೆ ಅಂಗಿ ಇಲ್ವೇ ಅಂದ ಹಾಗಿತ್ತು. ಹೋಗಿ ಕೂತೆ. ಮೌಸು ಹಿಡಿದು ಎಳೆಯುತ್ತ ಹೋದರೆ ಮೇಜೇ ಮುಗಿಯಿತು, ಬಾಣದ ಗುರುತು ಮಾತ್ರ ಇನ್ನೂ ಅರ್ಧ ದಾರಿಯಲ್ಲಿ. ಕಂಗಾಲಾದೆ. ಪಕ್ಕದ ಗೂಡಿನಿಂದ ಇಣುಕಿದ ಡಿಪ್ಲೊಮಾ ಹುಡುಗ, "ಎತ್ತಿ ಇಡಿ ಸಾರ್, ಏನೂ ಆಗಲ್ಲ" ಅಂದ.

ಐಡಿ ಅವನೇ ಮಾಡಿಕೊಟ್ಟ. ಪಾಸ್‌ವರ್ಡ್ ಏನು ಹಾಕಲಿ ಅಂದದ್ದಕ್ಕೆ "ನೀನೇ ಏನಾದ್ರೂ ಹಾಕಪ್ಪ" ಅಂದೆ. ಹಾಕಿ, ಬಸ್ ಟಿಕೆಟಿನ ಹಿಂದೆ ಬರೆದುಕೊಟ್ಟ. ಆಮೇಲೆ ಇಬ್ಬರೂ ಕಾಫಿ ಕುಡಿದೆವು. ದುಡ್ಡು ಅವನೇ ಕೊಟ್ಟ. ನನ್ನದು ಕೆಫೆಗೇ ಖರ್ಚಾಗಿತ್ತು.

ಮುಂದೆ ಅವನು ಕೆಲಸಕ್ಕೆಂದು ಪುಣೆಗೆ ಹೋದ. 2004ರಲ್ಲಿ ಆರ್ಕುಟ್ ಬಂತು. ಅದರಲ್ಲಿ ಸ್ಕ್ರ್ಯಾಪ್ ಗೀಚುತ್ತ ಊರಲ್ಲಿದ್ದಾಗಿನದಕ್ಕಿಂತ ಹೆಚ್ಚು ಹರಟಿದೆವು. ಅವನಿಗೆ ಹುಡುಗಿ ಗೊತ್ತಾದದ್ದು ಅವನ ಅಮ್ಮನಿಗಿಂತ ಮೊದಲು ನನಗೆ ತಿಳಿಯಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿದಾಗ ಫೋನಿನಲ್ಲೇ ಸೂತಕ ಆಚರಿಸಿದೆವು.

ಹಾಗಂತ ಕಂಪ್ಯೂಟರಿನ ವಕಾಲತ್ತು ವಹಿಸುತ್ತಿಲ್ಲ. ಈಗ ನಮ್ಮ ಮನೆಯಲ್ಲಿ ನಾಲ್ಕು ಜನ, ಆರು ಪರದೆ. ಮಗನ ಕಿವಿಯಲ್ಲಿ ಸದಾ ಎರಡು ಬಿರಡೆ. ಊಟಕ್ಕೆ ಕರೆದರೂ "ಹಾಂ", ಮನೆಗೆ ಬೆಂಕಿ ಬಿತ್ತು ಅಂದರೂ "ಹಾಂ". ನನ್ನ ತಕರಾರು ಲೆಕ್ಕದ್ದು. 1987ರಲ್ಲಿ ರಾಮಾಯಣ ಬಂದಾಗ ಬೀದಿಗೊಂದೇ ಟಿವಿ, ಭಾನುವಾರ ಬೆಳಿಗ್ಗೆ ಇಡೀ ಬೀದಿ ಒಂದೇ ಚಾಪೆಯ ಮೇಲೆ. ಮನೆಗೊಂದು ಬಂತು, ಚಾಪೆ ಸುತ್ತಿಟ್ಟೆವು. ಕಂಪ್ಯೂಟರಿಗೂ ಅದೇ ಗತಿ. ನಾಲ್ವರಿಗೊಂದು ಇದ್ದಾಗ "ನನ್ನ ಟೈಮು, ಏಳು" ಅಂತ ಜಗಳವಾಡಿಕೊಂಡಾದರೂ ಒಟ್ಟಿಗೆ ಕೂತಿದ್ದೆವು. ತಲೆಗೊಂದಾದ ಮೇಲೆ ಜಗಳಕ್ಕೂ ಜನ ಸಿಗುತ್ತಿಲ್ಲ.

ಪಾಸ್‌ವರ್ಡ್ ಬದಲಾಯಿಸಿ ಅಂತ ಮಗ ಬಯ್ಯುತ್ತಲೇ ಇರುತ್ತಾನೆ. ಬದಲಾಯಿಸಿಲ್ಲ. ಮರೆತಾಗಲೆಲ್ಲ ಪುಣೆಗೆ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ. ಮರೆವು ಅಷ್ಟೊಂದಿಲ್ಲ, ಇದನ್ನು ಅವನಿಗೆ ಹೇಳಬೇಡಿ.