ಪೋರೂರಿನ ಆಚೀಚೆ

ವಾರಾಂತ್ಯಕ್ಕೆ ಬೆಂಗಳೂರಿಗೆ ಹೊರಡುವ ಚೆನ್ನೈ ಕನ್ನಡಿಗರಿಗೆ ಪೋರೂರು ಎಂದರೆ ಬೇಗ ದಾಟಿದರೆ ಸಾಕೆನಿಸುವ ಜಂಕ್ಷನ್. ವಡಪಳನಿ ಕಡೆಯ ಆರ್ಕಾಟ್ ರಸ್ತೆ ಇಲ್ಲಿ ಪೂನಮಲ್ಲಿ ರಸ್ತೆಯನ್ನು ಸೇರುತ್ತದೆ. ಶ್ರೀಲಂಕಾದ ಅಂತರ್ಯುದ್ಧ ನಿಲ್ಲಿಸಲೆಂದು 1987ರ ಜುಲೈ 29ರಂದು ಕೊಲಂಬೊದಲ್ಲಿ ಆದ ಒಪ್ಪಂದದ ಕಥೆಯನ್ನು ಈ ರಸ್ತೆಗಳಲ್ಲೇ ಓದಬಹುದು.

ಜಂಕ್ಷನ್ನಿಗೆ ಹತ್ತಿರದ ರಾಮಾಪುರದಲ್ಲಿ ಎಂ.ಜಿ.ಆರ್. ಮನೆಯಿದೆ. ಲಂಕೆಯ ಕ್ಯಾಂಡಿಯಲ್ಲಿ ಹುಟ್ಟಿದ ಅವರು ಮುಖ್ಯಮಂತ್ರಿಯಾಗಿ ತಮಿಳು ಹುಲಿಗಳಿಗೆ ಬೆಂಬಲವಾಗಿ ನಿಂತವರು. ಒಪ್ಪಂದವಾದ ವರ್ಷವೇ, ಡಿಸೆಂಬರಿನಲ್ಲಿ ತೀರಿಕೊಂಡರು.

ಒಪ್ಪಂದಕ್ಕೆ ಸಹಿ ಹಾಕಿದವರು ರಾಜೀವ್ ಗಾಂಧಿ ಮತ್ತು ಜಯವರ್ಧನೆ. ಬಂದೂಕು ಹಿಡಿದು ಹೋರಾಡುತ್ತಿದ್ದವರ ಸಹಿ ಅದರಲ್ಲಿರಲಿಲ್ಲ. ಶಾಂತಿ ಕಾಯಲು ಹೋದ ನಮ್ಮ ಸೈನ್ಯ ಅಕ್ಟೋಬರ್ ಹೊತ್ತಿಗೆ ಹುಲಿಗಳ ಮೇಲೆಯೇ ಯುದ್ಧಕ್ಕಿಳಿದಿತ್ತು. 1990ರ ಮಾರ್ಚಿನಲ್ಲಿ ಅದು ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಸತ್ತಿದ್ದರು. ಅವರಲ್ಲಿ ಒಬ್ಬರು ಮೇಜರ್ ರಾಮಸ್ವಾಮಿ ಪರಮೇಶ್ವರನ್. 1987ರ ನವೆಂಬರ್ 25ರಂದು ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ರೈಫಲ್ ಕಸಿದು ಹೋರಾಡಿದ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಆರ್ಕಾಟ್ ರಸ್ತೆಯ ಸಾಲಿಗ್ರಾಮದಲ್ಲಿ ಸೈನಿಕ ಕುಟುಂಬಗಳ ವಸತಿ ಸಮುಚ್ಚಯಕ್ಕೆ ಪರಮೇಶ್ವರನ್ ವಿಹಾರ್ ಎಂದೇ ಹೆಸರು.

ಪಶ್ಚಿಮಕ್ಕೆ ಹೋದರೆ ಪೂನಮಲ್ಲಿ. ರಾಜೀವ್ ಹತ್ಯೆಯ ವಿಚಾರಣೆ ನಡೆಸಿದ ವಿಶೇಷ ನ್ಯಾಯಾಲಯ ಇದ್ದದ್ದು ಇಲ್ಲಿ. ಅದು 1998ರ ಜನವರಿ 28ರಂದು 26 ಮಂದಿಗೆ ಗಲ್ಲು ವಿಧಿಸಿತು; ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ನಾಲ್ವರಿಗಷ್ಟೇ ಉಳಿಸಿತು. ಇನ್ನೂ ಮುಂದೆ ಶ್ರೀಪೆರಂಬದೂರು. 1991ರ ಮೇ 21ರ ರಾತ್ರಿ ಬಾಂಬು ಸಿಡಿದ ಜಾಗದಲ್ಲಿ ಈಗ ಕಂಬಗಳ ಸ್ಮಾರಕ. ಹೆದ್ದಾರಿಯ ಕೊನೆಯಲ್ಲಿರುವ ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ: ಸಂಚಿನ ಮುಂದಾಳು ಶಿವರಾಸನ್ ಸತ್ತದ್ದು ಕೋಣನಕುಂಟೆಯ ಮನೆಯೊಂದರಲ್ಲಿ, ಅದೇ ಆಗಸ್ಟಿನಲ್ಲಿ.

ಮೇ 21ಕ್ಕೆ ಶ್ರೀಪೆರಂಬದೂರಿನಲ್ಲಿ ಪ್ರತಿವರ್ಷ ಹೂವು, ಭಜನೆ, ನಾಯಕರು. ಜುಲೈ 29 ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. ಯುದ್ಧ ನಿಲ್ಲಿಸದ ಒಪ್ಪಂದವನ್ನು ಯಾಕೆ ನೆನೆಯಬೇಕು ಎಂದು ಕೇಳಬಹುದು. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ, ಅದೂ ಮಾತುಕತೆಯಿಂದಲ್ಲ, ಸಾವಿರಾರು ಜನಸಾಮಾನ್ಯರ ಹೆಣಗಳ ನಡುವೆ. ಆದರೆ ತಮಿಳಿಗೆ ಲಂಕೆಯಲ್ಲಿ ಆಡಳಿತ ಭಾಷೆಯ ಸ್ಥಾನ, ಪ್ರಾಂತಗಳಿಗೆ ಪರಿಷತ್ತು ಕೊಟ್ಟ 13ನೆಯ ತಿದ್ದುಪಡಿ ಆ ಒಪ್ಪಂದದಿಂದಲೇ ಬಂದದ್ದು. ಅದು ಇಂದಿಗೂ ಅಲ್ಲಿನ ಸಂವಿಧಾನದಲ್ಲಿದೆ. ಅದನ್ನು ಪೂರ್ತಿ ಜಾರಿಗೆ ತನ್ನಿ ಎಂದು ಭಾರತ ಇಂದಿಗೂ ಕೇಳುತ್ತಿದೆ. ಪರಮೇಶ್ವರನ್ನರಂಥವರು ಜೀವ ಕೊಟ್ಟ ಆ ಮಾತು ಇನ್ನೂ ಪೂರ್ತಿಯಾಗಿಲ್ಲ.

ಬೆಂಗಳೂರಿಗೆ ಹೋಗುವಾಗ ಸ್ಮಾರಕ ದಾರಿಯಲ್ಲೇ ಸಿಗುತ್ತದೆ. ಒಮ್ಮೆ ಇಳಿದು ನೋಡಿ.