ನಮ್ಮ ಊರಿನ ಹೆಸರು



ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಶಾಲೆಯಲ್ಲಿ ಪಡೆದ ಬಹುಮಾನಗಳಿಗಿಂತ ಮೊದಲು ನಮ್ಮ ಸ್ಮರಣೆಗೆ ಬಂದುದು ಒಂದು ಸೊಪ್ಪಿನ ಮಂಕರಿ. ಆ ಸಂಗತಿಯನ್ನೇ ಇಲ್ಲಿ ನಿವೇದಿಸುತ್ತೇವೆ.

ನಾವು ಕೃಷ್ಣರಾಜಪುರದವರು. ಹಳೆಯ ಮದರಾಸು ರಸ್ತೆಯ ಮಗ್ಗುಲಲ್ಲಿರುವ ಈ ಊರು ನಮ್ಮ ಬಾಲ್ಯದಲ್ಲಿ ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ ಎಂಬಂತಿದ್ದಿತು. ಅದಕ್ಕೆ ತನ್ನದೇ ಆದ ನಗರಸಭೆಯಿದ್ದರೂ ಮಂಗಳವಾರದ ಸಂತೆಯೇ ಅದರ ಜೀವಾಳ. ಕನ್ನಡ, ತೆಲುಗು, ತಮಿಳು, ಉರ್ದು ಮಾತುಗಳು ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದುವು. ಹೂ ಮಾರುವ ತಿಗಳರಾಕೆ ನಮ್ಮ ಮನೆಯ ಹಬ್ಬಗಳನ್ನು ನಮಗಿಂತ ಚೆನ್ನಾಗಿ ಬಲ್ಲಳು. ಬಳೆಯ ಸಾಹೇಬರು ಗೌರಿಹಬ್ಬವನ್ನೂ ಕ್ರಿಸ್‌ಮಸ್ಸನ್ನೂ ಮರೆತವರಲ್ಲ. ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯ ದೆಸೆಯಿಂದ ನಾನಾ ಸೀಮೆಯ ಕುಟುಂಬಗಳು ಬಂದು ನೆಲಸಿ, ಅವರೂ ಈ ಸಂತೆಯವರೇ ಆಗಿದ್ದರು.

ನಾವು ಮೂವರೂ, ನಮ್ಮ ಜೊತೆಯ ಇನ್ನೊಬ್ಬಳೂ ಬೆಳಗಿನ ರೈಲನ್ನು ಹತ್ತಿ, ಬೈಯಪ್ಪನಹಳ್ಳಿಯನ್ನು ದಾಟಿ, ದಂಡಿನ ನಿಲ್ದಾಣದಲ್ಲಿ ಇಳಿಯುತ್ತಿದ್ದೆವು. 1864ರಿಂದ ಗಾಡಿ ಓಡುತ್ತಿರುವ ಹಾದಿಯದು. ಶಾಲೆಯಲ್ಲಿ ದಂಡಿನ ಹುಡುಗಿಯರು, "ನಿಮ್ಮ ಊರು ಯಾವುದು?" ಎಂದು ಕೇಳಿದರೆ, "ಇಂದಿರಾನಗರದ ಆಚೆ" ಎನ್ನುವೆವೇ ಹೊರತು ಊರಿನ ಹೆಸರನ್ನು ಹೇಳುತ್ತಿರಲಿಲ್ಲ. ನಾಲ್ಕನೆಯವಳು ಮಾತ್ರ ಹೇಳುವಳು.

ಆಕೆಯ ತಾಯಿ ಸೊಪ್ಪು ಮಾರುವವರು. ಸಂತೆಯಿಲ್ಲದ ದಿನಗಳಲ್ಲಿ ಮಂಕರಿಯೊಡನೆ ಅದೇ ರೈಲಿನಲ್ಲಿ ಶಿವಾಜಿನಗರಕ್ಕೆ ಬರುವರು. ಒಂದು ದಿನ ನಿಲ್ದಾಣದಲ್ಲಿ ದಂಡಿನ ಗೆಳತಿಯರು ನಮ್ಮೊಡನೆ ಇದ್ದರು. ಆ ತಾಯಿ ದೂರದಿಂದ ನಮ್ಮ ಹೆಸರು ಹಿಡಿದು ಕರೆದು, "ಮಕ್ಕಳೇ, ಹೊರೆಗೆ ಒಂದು ಕೈ ಕೊಡಿ" ಎಂದರು. ನಾವು ಕೇಳಿದೆವು, ಕೇಳದವರಂತೆ ನಡೆದುಬಿಟ್ಟೆವು. ಮಗಳು ಹಿಂದಿರುಗಿ ಹೋದಳು. ತಡವಾಗಿ ಬಂದು ತರಗತಿಯ ಬಾಗಿಲಲ್ಲಿ ನಿಂತವಳನ್ನು ಕಾರಣ ಕೇಳಲಾಗಿ, "ಅಮ್ಮನಿಗೆ ಹೊರೆ ಎತ್ತಿಕೊಟ್ಟು ಬಂದೆ" ಎಂದಳು. ನಮ್ಮ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಮಧ್ಯಾಹ್ನ ಎಂದಿನಂತೆ ಬುತ್ತಿಯನ್ನು ಹಂಚಿದಳು. ಮುಂದಿನ ಮಂಗಳವಾರ ಆ ತಾಯಿಯೂ ಎಂದಿನಂತೆ ನಮ್ಮ ಚೀಲಕ್ಕೆ ಕರಿಬೇವನ್ನು ಕೊಸರಾಗಿ ಹಾಕಿದರು.

ಆ ವರುಷ ಸತ್ಯವೇದದ ಪರೀಕ್ಷೆಯಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಕುರಿತ ಪ್ರಶ್ನೆಗೆ ನಮಗೆ ಪೂರ್ಣ ಅಂಕಗಳು ದೊರೆತುವು.

ಪೇಟೆಗೂ ದಂಡಿಗೂ 1862ರಲ್ಲಿ ಬೇರೆ ಬೇರೆ ಪುರಸಭೆಗಳಾದುವು. 1949ರಲ್ಲಿ ಎರಡೂ ಒಂದೇ ಕಾರ್ಪೊರೇಷನ್ನಾದುವು. 2007ರಲ್ಲಿ ನಮ್ಮ ಊರಿನ ನಗರಸಭೆಯೂ ಇತರ ಆರು ನಗರಸಭೆಗಳೊಡನೆ ಬೃಹತ್ ಬೆಂಗಳೂರಿನಲ್ಲಿ ಲೀನವಾಯಿತು. 2003ರಲ್ಲಿ ತೂಗುಸೇತುವೆ ಬಂದಿತು. 2023ರಲ್ಲಿ ಮೆಟ್ರೋ ಬಂದಿತು. ಈಗ "ನಮ್ಮದು ಕೃಷ್ಣರಾಜಪುರ" ಎನ್ನಲು ಯಾರೂ ನಾಚಬೇಕಾಗಿಲ್ಲ. ಆದರೆ ಅಂದು ನಿಲ್ದಾಣದಲ್ಲಿ ನಾವು ಎಳೆದ ಗಡಿಯು ಯಾವ ಕಡತದಲ್ಲಿಯೂ ಇರಲಿಲ್ಲವಾದಕಾರಣ, ಅದನ್ನು ಅಳಿಸಲು ಯಾವ ಸರಕಾರದ ಆಜ್ಞೆಯಿಂದಲೂ ಸಾಧ್ಯವಿಲ್ಲ. ಎಳೆದವರೇ ಅಳಿಸಬೇಕು.

ಆ ತಾಯಿ ಈಗಿಲ್ಲ. ಅವರ ಬಳಿ ಕ್ಷಮೆ ಬೇಡಬೇಕೆಂದು ಎಷ್ಟೋ ಸಲ ಸಂತೆಗೆ ಹೋಗಿ, ಸೊಪ್ಪು ಕೊಂಡು ಸುಮ್ಮನೆ ಮರಳಿದೆವು. ಮಗಳು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯಾದುದರಿಂದ ಈ ಸಂಚಿಕೆಯು ಆಕೆಯ ಕೈಸೇರುವುದು. ಸಹೋದರೀ, ಅಂದು ನಿನ್ನ ತಾಯಿ ಕರೆದುದು ನಮಗೆ ಕೇಳಿಸಿತ್ತು.