ತುರಿಕೆ

ಲೋಕದ ಉಪದೇಶಗಳಲ್ಲಿ ಅತ್ಯಂತ ನಿಷ್ಪ್ರಯೋಜಕವಾದುದು ಯಾವುದೆಂದು ಯಾರಾದರೂ ಕೇಳಿದರೆ, ‘ತುರಿಸಿಕೊಳ್ಳಬೇಡ’ ಎಂಬುದೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ನನ್ನ ತಂಗಿಗೆ ಎಳವೆಯಿಂದಲೂ ತೀವ್ರವಾದ ಇಸುಬು. ಮನೆಗೆ ಬಂದ ನೆಂಟರೆಲ್ಲ ಅವಳಿಗೆ ಈ ಉಪದೇಶವನ್ನು ಧಾರಾಳವಾಗಿ ದಾನ ಮಾಡುತ್ತಿದ್ದರು. ಆದರೆ ಒಂದು ಮಾರು ದೂರವೇ ಕುಳಿತಿರುತ್ತಿದ್ದರು! ಮುಟ್ಟಿದರೆ ಹರಡುವ ಕಜ್ಜಿಯೇ ಬೇರೆ, ಇಸುಬೇ ಬೇರೆ. ಇದು ಅಂಟುರೋಗವಲ್ಲ.

ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತೆ. ಜೀವಕೋಶಗಳು ಇಟ್ಟಿಗೆಗಳಾದರೆ ನಡುವಣ ಕೊಬ್ಬಿನಂಶವೇ ಗಾರೆ. ಇಸುಬುಳ್ಳವರಲ್ಲಿ ಈ ಗೋಡೆ ಸಡಿಲ. ಒಳಗಿನ ತೇವ ಆರಿಹೋಗುತ್ತದೆ. ಹೊರಗಿನ ಧೂಳು, ಸೋಪಿನ ಖಾರ ಒಳನುಗ್ಗುತ್ತವೆ. ಗೋಡೆಗೆ ಬಲ ಕೊಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆ ಹಲವರಲ್ಲಿ ಹುಟ್ಟಿನಿಂದಲೇ ಇರುತ್ತದೆಂಬುದು 2006ರಲ್ಲಿ ತಿಳಿದುಬಂದಿತು. ಬದನೆಕಾಯಿಯನ್ನೇ ದೂರುತ್ತಿದ್ದ ಅಜ್ಜಿಗೆ ಇದನ್ನು ಒಪ್ಪಿಸುವುದು ಮಾತ್ರ ಸುಲಭವಾಗಿರಲಿಲ್ಲ.

ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು ಇವು ಇಸುಬಿಗೆ ಪ್ರಿಯವಾದ ತಾಣಗಳು. ಚರ್ಮ ಕೆಂಪಾಗುವುದೆಂದು ಪುಸ್ತಕಗಳು ಹೇಳುತ್ತವೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ಕಂದು ಇಲ್ಲವೆ ಬೂದಾಗಿಯೇ ತೋರಬಹುದು. ರಾತ್ರಿಯಲ್ಲಿ ತುರಿಕೆ ಉಲ್ಬಣಿಸುತ್ತದೆ. ಕೆರೆದಷ್ಟೂ ಗೋಡೆ ಬಿರಿಯುತ್ತದೆ, ಬಿರಿದಷ್ಟೂ ತುರಿಕೆ. ತಂಗಿಯ ಹಾಸಿಗೆಯ ಮೇಲೆ ಬೆಳಗ್ಗೆ ರಕ್ತದ ಚುಕ್ಕೆಗಳಿರುತ್ತಿದ್ದವು. ತರಗತಿಯಲ್ಲಿ ಅವಳು ತೂಕಡಿಸುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅವಳ ಕೆನ್ನೆಯ ಮೇಲೆ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು ಒಡೆದವು. ತುರಿಕೆಗಿಂತ ನೋವೇ ಹೆಚ್ಚು, ಜ್ವರವೂ ಬಂದಿತು. ಅಪ್ಪ ಬೆಳಗಾಗುವವರೆಗೆ ಕಾಯಲಿಲ್ಲ. ಇಸುಬಿಗೆ ಹರ್ಪಿಸ್ ವೈರಸ್ ಸೇರಿದೆ, ತಡವಾದರೆ ಕಣ್ಣಿಗೂ ಅಪಾಯ ಎಂದ ವೈದ್ಯರು ಕೂಡಲೇ ಔಷಧಿ ಆರಂಭಿಸಿದರು. ಹಳದಿ ಹೊಪ್ಪಳೆ ಕಟ್ಟಿ ರಸ ಸೋರಿದರೆ ಅದು ಬ್ಯಾಕ್ಟೀರಿಯಾದ ಸೋಂಕಿರಬಹುದು, ಆಗಲೂ ಉದಾಸೀನ ಸಲ್ಲದೆಂದು ಅಂದೇ ತಿಳಿಸಿದರು.

ಉಗುರುಬೆಚ್ಚಗಿನ ನೀರಿನಲ್ಲಿ ಚುಟುಕು ಸ್ನಾನ, ಮೈ ಪೂರ್ತಿ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿಯ ದಪ್ಪ ಲೇಪ, ಹತ್ತಿಯ ಬಟ್ಟೆ: ಇವು ಅವಳ ನಿತ್ಯವಿಧಿಗಳಾದವು. ಉಲ್ಬಣಿಸಿದಾಗ ಸ್ಟಿರಾಯ್ಡ್ ಮುಲಾಮು. ಇದನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ; ಹೆದರಿ ಹಚ್ಚದಿದ್ದರೆ ಉರಿ ಆರದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು, ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಈ ಲೆಕ್ಕವನ್ನು ವೈದ್ಯರು ಅಮ್ಮನ ಬೆರಳ ಮೇಲೆಯೇ ತೋರಿಸಿದರು.

ತಂಗಿ ಈಗ ರಾತ್ರಿಯಿಡೀ ನಿದ್ರಿಸುತ್ತಾಳೆ. ಉಗುರುಗಳನ್ನು ಮಾತ್ರ ವಾರಕ್ಕೆರಡು ಸಲ ಕತ್ತರಿಸಿಕೊಳ್ಳುತ್ತಾಳೆ.